ದನದ ಬಾಗಿಲು

ಹೊಸ ಹುಲ್ಲುಗಾವಲಿಗೆ ಎರಡು ಬಾಗಿಲು. ಒಂದು ದನಕ್ಕೆ, ಇನ್ನೊಂದು ಕಳೆ ಕೀಳುವ ಹೆಂಗಸರಿಗೆ. ದನದ ಬಾಗಿಲು ಅಗಲ. ಅಡ್ಡಕ್ಕೆ ಒಂದು ಮರದ ತೊಲೆ, ಅದನ್ನು ಎತ್ತಿದರೆ ಇಡೀ ಮಂದೆ ನುಗ್ಗಬಹುದು. ಹೆಂಗಸರ ಬಾಗಿಲು ಮೈ ಓರೆ ಮಾಡಿಕೊಂಡು ಒಬ್ಬೊಬ್ಬರೇ ನುಸುಳುವಷ್ಟು. ಅದರ ಮುಂದೆ ಒಂದು ಸಿಮೆಂಟಿನ ಕಟ್ಟೆ, ಕಟ್ಟೆಯ ಪಕ್ಕದಲ್ಲಿ ಪಂಪು, ಪಂಪಿಗೆ ಪೈಪು, ಪೈಪು ಹಿಡಿದುಕೊಂಡು ಮೇಸ್ತ್ರಿ.

"ಕೈ ಎತ್ತು."

ಕೈ ಎತ್ತಬೇಕು.

"ತಿರುಗು."

ತಿರುಗಬೇಕು. ಕತ್ತಿನಿಂದ ಕಾಲಿನ ತನಕ ಔಷಧಿ ನೀರು ಬೀಳುತ್ತದೆ. ನೋಡಲು ಹಾಲಿನ ಹಾಗೆ ಬೆಳ್ಳಗೆ, ಮೂಗಿಗೆ ಸೀಮೆಎಣ್ಣೆ. ದನದ ಮೈಮೇಲಿನ ಉಣುಗು ಸಾಯಿಸುವ ಔಷಧಿ ಅದು. ದನಕ್ಕೆ ಹದಿನೈದು ದಿನಕ್ಕೊಮ್ಮೆ ಹಾಕುತ್ತಾರೆ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ, ಅಳತೆ ನೋಡಿ ಬೆರೆಸುತ್ತಾರೆ. ಹೆಂಗಸರಿಗೆ ದಿನಕ್ಕೆ ಎರಡು ಸಲ. ಬೆಳಿಗ್ಗೆ ಒಳಗೆ ಹೋಗುವಾಗ ಒಂದು, ಹೊರಗೆ ಬಂದು ಊಟ ಮಾಡಿ ಮತ್ತೆ ಒಳಗೆ ಹೋಗುವಾಗ ಇನ್ನೊಂದು. ಅಳತೆ ಗಿಳತೆ ಇಲ್ಲ. ಮೇಸ್ತ್ರಿಯ ಕೈಗೆ ಬಂದಷ್ಟು.

ಇದೆಲ್ಲ ಯಾಕೆ ಅಂದರೆ, ಅಂಟುಗಿಡದ ಬೀಜ ಹೆಂಗಸರ ಬಟ್ಟೆಗೆ ಕಚ್ಚಿಕೊಂಡು ಬರುತ್ತದಂತೆ. ಧಣಿ ಹೇಳಿದ ಮಾತು. ಉಣುಗಿನ ಔಷಧಿಗೆ ಬೀಜ ಸಾಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಅವರ ಮೈಯಲ್ಲೂ ಉಣುಗು ಇರುತ್ತೆ, ಎರಡೂ ಒಟ್ಟಿಗೆ ಹೋಗಲಿ ಅಂದನಂತೆ.

ಹಳೇ ಗಾವಲು ಹಾಳಾದದ್ದಕ್ಕೂ ಅವನು ಕೊಟ್ಟ ಕಾರಣ ಇದೇ. ಔಷಧಿ ಹೊಡೆಸುವುದು ಅಲ್ಲೇ, ವರ್ಷಗಳ ಹಿಂದೆಯೇ ಶುರುವಾಗಿತ್ತು. ನೂರು ದನ ಮೇಯುವ ನೆಲಕ್ಕೆ ನಾನೂರು ಬಿಟ್ಟವನು ಅವನು. ದನ ಹುಲ್ಲು ತಿಂದವು, ಹುಲ್ಲಿನ ಬುಡ ತಿಂದವು, ಆಮೇಲೆ ನೆಲ ನೆಕ್ಕಿದವು. ಮಳೆಗೆ ಮಣ್ಣು ಕೊಚ್ಚಿಹೋಯಿತು. ಬೋಳು ನೆಲಕ್ಕೆ ಅಂಟುಗಿಡ ಬಂತು. ಎದೆಯುದ್ದ ಬೆಳೆದು, ಮುಟ್ಟಿದವರಿಗೆಲ್ಲ ಕೊಕ್ಕೆಯ ಬೀಜ ಅಂಟಿಸಿ ಕಳಿಸುವ ಗಿಡ. ಹನ್ನೊಂದು ಹೆಂಗಸರು ಬೆನ್ನು ಬಗ್ಗಿಸಿ ವರ್ಷಗಟ್ಟಲೆ ಕಿತ್ತರು. "ಬೇರು ಸಮೇತ ಕೀಳಿ, ಬೇರು ಸಮೇತ" ಎಂದು ಮೇಸ್ತ್ರಿ ಹಿಂದೆಯೇ ಕೂಗುತ್ತಿದ್ದ. ಕಿತ್ತ ಕಡೆ ಮತ್ತೆ ಬಂತು. ಕೊನೆಗೆ ಧಣಿ ಪಕ್ಕದ ಕಾಡು ಕಡಿಸಿ, ಸುಡಿಸಿ, ಹೊರಗಿನಿಂದ ತರಿಸಿದ ಹುಲ್ಲಿನ ಬೀಜ ಚೆಲ್ಲಿಸಿ ಹೊಸ ಗಾವಲು ಮಾಡಿದ. ಸುತ್ತ ಬೇಲಿ ಹಾಕಿಸಿದ. ಎರಡು ಬಾಗಿಲು ಇಡಿಸಿದ.

ಹನ್ನೊಂದು ಜನರಲ್ಲಿ ಒಬ್ಬಳು ಎಡಚಿ. ಎಡಗೈಯವಳು, ಅದಕ್ಕೇ ಆ ಹೆಸರು. ಅವಳ ಹಿಂದೆ ಸಾಲಿನಲ್ಲಿ ನಿಲ್ಲುವವಳು ಅವಳ ಅತ್ತೆ. ಪೈಪು ಹಿಡಿದ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅತ್ತೆಯ ಹಿರಿಯ ಮಗ. ಎಡಚಿಗೆ ಭಾವ. ಮನೆಯಲ್ಲಿ ಅಮ್ಮ ಎನ್ನುತ್ತಾನೆ. ಕಟ್ಟೆಯ ಹತ್ತಿರ ಧಣಿಯ ಜೀಪು ನಿಂತಿದ್ದರೆ "ಏ ಮುದುಕಿ, ಕೈ ಎತ್ತು" ಎನ್ನುತ್ತಾನೆ. ಅತ್ತೆ ಕೈ ಎತ್ತುತ್ತಾಳೆ. ಎಡಗೈ ಪೂರ್ತಿ ಮೇಲೆ ಹೋಗುವುದಿಲ್ಲ. ಹೋದಷ್ಟು ಎತ್ತುತ್ತಾಳೆ.

ಎಡಚಿಯ ಗಂಡ ದನ ಕಾಯುವವನು. ಹುಲ್ಲು ಮೊಣಕಾಲಿಗೆ ಬಂದ ಮೇಲೆ, ಹದಿನೈದು ದಿನದಿಂದ ಅವನು ಮಂದೆಯನ್ನು ಹಳೇ ಗಾವಲಿನಿಂದ ಹೊಸದಕ್ಕೆ ಹೊಡೆದುಕೊಂಡು ಬರುತ್ತಿದ್ದ. ದನದ ಬಾಲದ ತುಂಬ ಅಂಟುಬೀಜ. ಅವನ ಬಟ್ಟೆಯ ತುಂಬ ಅಂಟುಬೀಜ. ಯಾರೂ ಅವನಿಗೆ ಕೈ ಎತ್ತು ಅನ್ನಲಿಲ್ಲ.

"ನಿನ್ನನ್ಯಾಕೆ ತೊಳೆಯಲ್ಲ?" ಎಂದು ಎಡಚಿ ಒಂದು ದಿನ ಕೇಳಿದಳು.

"ನಾನು ದನದ ಜಾತಿಗೆ ಸೇರಿದೀನಿ ಕಣೇ. ನೀನು ಕಳೆ ಜಾತಿ" ಎಂದ. ತಮಾಷೆ ಮಾಡಿದ. ಅವಳಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಲೆಗೆ ಸೌದೆ ಒಟ್ಟಿದಳು.

ಹೆಂಗಸರು ಮಾತ್ರ ಧಣಿಯ ಮಾತನ್ನು ನಂಬಿದ್ದರು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಂಬಿದ್ದರು. ನಮ್ಮ ಬಟ್ಟೆಯಿಂದಲೇ ನೆಲ ಹಾಳಾಗುತ್ತಿದೆ, ನಮ್ಮ ಕೈಯಲ್ಲೇ ಏನೋ ಇದೆ ಎಂದು. ಅದಕ್ಕೇ ಧಣಿ ಕೊಟ್ಟ ಸಾಲುಮನೆಗಳಲ್ಲಿ ಸಂಜೆ ಒಂದು ಕೆಲಸ ತಪ್ಪುತ್ತಿರಲಿಲ್ಲ. ಒಬ್ಬರ ತಲೆ ಒಬ್ಬರು ಬಾಚುವುದು, ಸಿಕ್ಕ ಬೀಜವನ್ನು ಆರಿಸಿ ಒಲೆಗೆ ಹಾಕುವುದು. ಹೊರಗೆ ಎಸೆಯಬಾರದು. ಎಸೆದರೆ ಹುಟ್ಟುತ್ತದೆ. ಬೆಂಕಿಗೆ ಬಿದ್ದ ಬೀಜ ಚಟ್ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಇನ್ನೊಂದನ್ನು ಹುಡುಕಬೇಕು.

ಎಡಚಿ ಅತ್ತೆಯ ತಲೆ ಬಾಚುತ್ತಿದ್ದಳು. ಅತ್ತೆಗೆ ಉದ್ದ ಕೂದಲು. ಬಿಳಿ, ತೆಳು, ಆದರೆ ಉದ್ದ. ಆ ಮೈಯಲ್ಲಿ ಇನ್ನು ಏನಾದರೂ ತಿಳಿಯುವ ಜಾಗ ಅಂತ ಉಳಿದದ್ದು ತಲೆಯೊಂದೇ. ಕೈ ಜೋಮು ಹಿಡಿದು ವರ್ಷವಾಯಿತು. ಕಾಲೂ ಅಷ್ಟೆ. ಒಂದು ಸಲ ಒಲೆಯ ಕೆಂಡ ಅವಳ ಪಾದದ ಮೇಲೆ ಉರುಳಿತ್ತು. ಅವಳು ಸುಮ್ಮನೆ ಮಾತಾಡುತ್ತಲೇ ಇದ್ದಳು. ಚರ್ಮ ಸುಟ್ಟ ವಾಸನೆ ಮೊದಲು ಬಡಿದದ್ದು ಎಡಚಿಯ ಮೂಗಿಗೆ. ಅತ್ತೆ ಬಗ್ಗಿ ನೋಡಿ, "ಓ, ನನ್ನದೇನಾ?" ಎಂದಳು.

ಔಷಧಿ ಕತ್ತಿಗಿಂತ ಮೇಲೆ ಹೋಗುತ್ತಿರಲಿಲ್ಲ. ಅದಕ್ಕೇ ತಲೆ ಉಳಿದಿತ್ತು. ಬಾಚಣಿಗೆ ನೆತ್ತಿಗೆ ತಾಗಿದರೆ ಅತ್ತೆ ಕಣ್ಣು ಮುಚ್ಚುತ್ತಿದ್ದಳು. "ಹಾ, ಅಲ್ಲೇ. ಅಲ್ಲೇ ಇನ್ನೊಂದ್ಸಲ ಎಳಿ" ಎನ್ನುತ್ತಿದ್ದಳು. ಇಡೀ ದಿನದಲ್ಲಿ ಅವಳು ಕೇಳುತ್ತಿದ್ದದ್ದು ಅದೊಂದೇ.

ಎಡಚಿಗೂ ಶುರುವಾಗಿತ್ತು. ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಬರಿಗೈಯಲ್ಲಿ ಇಳಿಸಿದಳು. ಪರವಾಗಿಲ್ಲವೇ, ನನ್ನ ಕೈ ಗಟ್ಟಿಯಾಯಿತು ಎಂದುಕೊಂಡಳು. ಆಮೇಲೆ ಬೆರಳು ನೋಡಿಕೊಂಡಳು. ಬೊಬ್ಬೆ ಎದ್ದಿತ್ತು. ಅತ್ತೆಯ ಕಡೆ ನೋಡಿದಳು. ಯಾರಿಗೂ ಹೇಳಲಿಲ್ಲ.

ಮಳೆಗೆ ಮುಂಚೆ ಹೊಸ ಗಾವಲಿಗೆ ಗೊಬ್ಬರ ಹಾಕಿದ್ದರು. ಹುಲ್ಲು ಚೆನ್ನಾಗಿ ಬರಲಿ ಎಂದು ಧಣಿಯೇ ಹೇಳಿದ್ದ. ಹಳೇ ದೊಡ್ಡಿಯಲ್ಲಿ ಒಣಗಿ ಗುಡ್ಡೆಯಾಗಿದ್ದ ಸಗಣಿ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಸಾಲು, ಸಾಲಿನ ತುದಿಗೆ ಅವಳ ಹಳೆ ಬಟ್ಟೆಯ ಚೂರು ಕಟ್ಟಿದ ಗೂಟ. ಗೂಟದಿಂದ ಗೂಟಕ್ಕೆ ಎಳೆದ ಹಗ್ಗದ ಗುಂಟ ನಡೆಯಬೇಕು. ಬುಟ್ಟಿ ತಲೆಯ ಮೇಲೆ, ಒಂದು ಕೈ ಬುಟ್ಟಿಗೆ, ಇನ್ನೊಂದು ಕೈಯಿಂದ ಹತ್ತು ಹೆಜ್ಜೆಗೊಂದು ಹಿಡಿ ಸಗಣಿ ಪುಡಿ. ಎಲ್ಲರೂ ಬಲಕ್ಕೆ ಎಸೆದರು. ಎಡಚಿ ಎಡಕ್ಕೆ ಎಸೆದಳು. "ಇವಳೊಬ್ಬಳು, ಎಲ್ಲದಕ್ಕೂ ಉಲ್ಟಾ" ಎಂದು ಮೇಸ್ತ್ರಿ ಬೈದಿದ್ದ.

ಆ ಸಗಣಿಯಲ್ಲಿ ಬೀಜ ಇತ್ತು. ಎಡಚಿ ಕಂಡಿದ್ದಳು. ಹಸಿದ ದನ ಅಂಟುಗಿಡವನ್ನೂ ಬಿಟ್ಟಿರಲಿಲ್ಲವಲ್ಲ. ಪುಡಿ ಮಾಡುವಾಗ ಬೆರಳ ಸಂದಿಯಲ್ಲಿ ಕೊಕ್ಕೆ ಕಳಚಿದ ಬೀಜಗಳು ಉಳಿದವು. ಪಕ್ಕದವಳಿಗೆ ತೋರಿಸಿದಳು. ಸಣ್ಣ ಆಳಿನ ಹೆಂಗಸು ಅವಳು, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು.

"ಅದು ದನದ ಹೊಟ್ಟೇಲಿ ಬೆಂದು ಬಂದಿರೋದು ಬಿಡೇ" ಎಂದಳು ಗುಬ್ಬಿ. "ಬೆಂದದ್ದು ಎಲ್ಲಾದ್ರೂ ಹುಟ್ಟುತ್ತಾ?"

ಹೌದಲ್ಲ ಎಂದುಕೊಂಡಳು ಎಡಚಿ. ದನದ ಹೊಟ್ಟೆ ಶುದ್ಧ, ನಮ್ಮ ಬಟ್ಟೆ ಕೊಳಕು. ಹಾಗೆ ಹೇಳಿಸಿಕೊಂಡು ಹೇಳಿಸಿಕೊಂಡು ಅವರ ತಲೆಯೂ ಹಾಗೆಯೇ ಓಡುತ್ತಿತ್ತು. ಇಲ್ಲದಿದ್ದರೆ ಕಳೆಯ ಜೊತೆ ಹುಟ್ಟಿ ಬೆಳೆದವರು ಈ ತಪ್ಪು ಮಾಡುತ್ತಿದ್ದರೇ?

ಅತ್ತೆ ತನ್ನ ಸಾಲಿನ ನಡುವೆ ಬಿದ್ದಳು. ಕಾಲು ಎಲ್ಲಿ ಇಟ್ಟೆ ಎಂದು ಅವಳ ಕಾಲಿಗೇ ತಿಳಿಯುವುದಿಲ್ಲ, ಬೀಳದೆ ಏನು ಮಾಡಿಯಾಳು. ಬುಟ್ಟಿ ಮಗುಚಿ ಸಗಣಿಯೆಲ್ಲ ಒಂದೇ ಕಡೆ ಚೆಲ್ಲಿತು. "ಬಾಚಿಕೋ, ಬಾಚಿಕೋ" ಎಂದು ಮೇಸ್ತ್ರಿ ದೂರದಿಂದಲೇ ಕೂಗಿದ. ಅತ್ತೆ ಮಂಡಿಯೂರಿ ಬಾಚಿದಳು. ಜೋಮು ಹಿಡಿದ ಕೈಗೆ ಎಷ್ಟು ಬಂತೋ ಅಷ್ಟು.

ಮಳೆ ಬಂತು. ಹುಲ್ಲು ಬಂತು. ಮಂದೆ ಒಳಗೆ ಬಂತು. ಹುಲ್ಲು ಮೇದು ತೆಳ್ಳಗಾದ ಮೇಲೆ ಅದರ ನಡುವೆ ಅವಿತಿದ್ದದ್ದು ಕಾಣಿಸಿತು. ಅಂಟುಗಿಡ, ಮೊಣಕಾಲುದ್ದ. ಎಳೆ ಹುಲ್ಲು ತುಳಿದಾರು ಎಂದು ಅಲ್ಲಿಯ ತನಕ ಹೆಂಗಸರನ್ನು ಬೇಲಿಯಂಚಿನ ಕಳೆಗೆ ಮಾತ್ರ ಬಿಟ್ಟಿದ್ದರು.

ಧಣಿ ಜೀಪಿನ ಮೇಲೆ ಹತ್ತಿ ನಿಂತು ನೋಡಿದ. ಗಿಡಗಳು ಸಾಲಾಗಿ ನಿಂತಿದ್ದವು. ಹನ್ನೊಂದು ಸಾಲು. ಗೂಟದಿಂದ ಗೂಟಕ್ಕೆ, ದಾರ ಹಿಡಿದು ನೆಟ್ಟಷ್ಟು ನೇರ.

"ನೋಡ್ರೋ" ಎಂದ. "ನಡೆದುಕೊಂಡು ಹೋದ ಕಡೆಯೆಲ್ಲ ಉದುರಿಸಿಕೊಂಡು ಹೋಗಿದಾರೆ. ಇನ್ನೇನು ಸಾಕ್ಷಿ ಬೇಕು?"

ಅತ್ತೆಯ ಸಾಲಿನ ನಡುವೆ ಚಾಪೆಯಗಲ ಗಿಡ ದಟ್ಟವಾಗಿ ಎದ್ದಿತ್ತು. ಧಣಿ ಅದಕ್ಕೆ ಬೆರಳು ತೋರಿಸಿದ. "ಇದು ಯಾವಳ ಸಾಲು? ಇಲ್ಲಿ ಕೂತು ಬಟ್ಟೆ ಕೊಡವಿದಾಳೆ."

ಅತ್ತೆ ತಲೆ ತಗ್ಗಿಸಿದಳು. ತಾನೇ ಕೊಡವಿರಬೇಕು ಎಂದು ಅವಳಿಗೂ ಅನ್ನಿಸಿತೇನೋ.

ಧಣಿ ಅಲ್ಲೇ ತೀರ್ಮಾನ ಹೇಳಿದ. ಬಟ್ಟೆ ತೊಳೆದರೂ ಬರುತ್ತಿದೆ ಅಂದರೆ ಬೀಜ ಇರುವುದು ಕೂದಲಲ್ಲಿ. ನಾಳೆ ಬೆಳಿಗ್ಗೆ ಹನ್ನೊಂದು ತಲೆಯೂ ಬೋಳಾಗಬೇಕು. ಔಷಧಿ ನೆತ್ತಿಯಿಂದಲೇ ಬೀಳಬೇಕು. ಇಷ್ಟು ಹೇಳಿ ಜೀಪು ಹತ್ತಿದ.

ಎಡಚಿ ಅಲ್ಲೇ ನಿಂತು ತನ್ನ ಸಾಲು ನೋಡುತ್ತಿದ್ದಳು. ಎಲ್ಲರ ಸಾಲಿನಲ್ಲೂ ಗಿಡ ಗೂಟದ ಬಲಕ್ಕಿತ್ತು. ಅವಳದರಲ್ಲಿ ಎಡಕ್ಕಿತ್ತು. ಬಟ್ಟೆಯಿಂದ ಉದುರಿದ ಬೀಜಕ್ಕೆ ಇವಳು ಎಡಚಿ ಎಂದು ಹೇಗೆ ಗೊತ್ತು? ಹತ್ತು ಹೆಜ್ಜೆ ಹಾಕಿದಳು. ಎಡಕ್ಕೆ ಗಿಡ. ಮತ್ತೆ ಹತ್ತು ಹೆಜ್ಜೆ. ಎಡಕ್ಕೆ ಗಿಡ. ಅತ್ತೆ ಬಿದ್ದ ಜಾಗಕ್ಕೆ ಬಂದು ನಿಂತಳು. ಅವಳಿಗೆ ಕೂಗಬೇಕು ಅನ್ನಿಸಲಿಲ್ಲ. ಬಗ್ಗಿ ಬುಡದ ಮಣ್ಣು ಕೆದಕಿದಳು, ಸಗಣಿಯ ಪುಡಿ ಕಂಡಿತು.

ಸಂಜೆ ಭಾವನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದಳು. "ಭಾವ, ಅದು ಬಟ್ಟೆಯಿಂದ ಬಂದದ್ದಲ್ಲ. ಗೊಬ್ಬರದ್ದು. ನಾವು ಹಿಡಿ ಹಿಡಿ ಎಸೆದಿದ್ವಲ್ಲ, ಅಲ್ಲಲ್ಲೇ ಹುಟ್ಟಿದೆ. ನೀವು ಬಂದು ನೋಡಿ."

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ನೋಡಮ್ಮ, ಗೊಬ್ಬರ ಹಾಕಿಸಿದ್ದು ಯಾರು?"

"ಧಣಿ."

"ಹಾಗಾದ್ರೆ ಗೊಬ್ಬರದಿಂದ ಬಂದಿಲ್ಲ." ಇನ್ನೊಂದು ತುತ್ತು ನುಂಗಿದ. "ಕೂದಲು ತಾನೇ, ಬೆಳೆಯುತ್ತೆ. ಹೋಗಿ ಮಲ್ಕೊ."

ಬೆಳಿಗ್ಗೆ ಕಟ್ಟೆಯ ಮುಂದೆ ಧಣಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಪಂಪು ಗುಡುಗುಟ್ಟುತ್ತಿತ್ತು. ಮೇಸ್ತ್ರಿಯ ಕೈಯಲ್ಲಿ ದನದ ಬಾಲದ ಕೂದಲು ಕತ್ತರಿಸುವ ದೊಡ್ಡ ಕತ್ತರಿ.

ಮೊದಲು ಗುಬ್ಬಿ ಕೂತಳು. ಕತ್ತರಿ ಮೊಂಡು. ಕತ್ತರಿಸುವುದಕ್ಕಿಂತ ಹೆಚ್ಚಾಗಿ ಕೀಳುತ್ತಿತ್ತು. ಗುಬ್ಬಿ ಅಳಲಿಲ್ಲ. ಮಡಿಲಿಗೆ ಬಿದ್ದ ಕೂದಲನ್ನು ಒಂದು ಕಡೆ ಒಟ್ಟು ಮಾಡುತ್ತ ಕೂತಳು, ಯಾರೋ ಕೇಳಿದರೆ ಕೊಡಬೇಕು ಅನ್ನುವವಳ ಹಾಗೆ. ಅರ್ಧ ತಲೆ ಮುಗಿಯುವಾಗ ಧಣಿಗೆ ಬೇಸರ ಬಂತು.

"ಒಬ್ಬಳಿಗೇ ಇಷ್ಟು ಹೊತ್ತಾ? ಆ ಚಾಪೆಯಗಲ ಉದುರಿಸಿದಳಲ್ಲ, ಆ ಮುದುಕಿಯನ್ನ ಮೊದಲು ಮುಗಿಸು."

ಗುಬ್ಬಿಯನ್ನು ಅಷ್ಟಕ್ಕೇ ಎಬ್ಬಿಸಿದರು. ಅತ್ತೆ ಬಂದು ಕೂತಳು. ಯಾರೂ ಹೇಳುವ ಮುಂಚೆ ತಾನೇ ಜಡೆ ಬಿಚ್ಚಿಕೊಂಡಳು. ಬಿಳಿ ಕೂದಲು ಬೆನ್ನ ಮೇಲೆ ಹರಡಿತು. ಮೇಸ್ತ್ರಿ ಹಿಂದೆ ಬಂದು ನಿಂತ. ಕತ್ತರಿ ಬಾಯಿ ತೆರೆಯಿತು, ಮುಚ್ಚಲಿಲ್ಲ.

ಅತ್ತೆ ಹಿಂದೆ ತಿರುಗದೆ ಮೆಲ್ಲಗೆ ಅಂದಳು. "ಕಿವಿ ಒಂದು ನೋಡ್ಕೊ ಕಣಪ್ಪ. ನಿನ್ನ ತಲೆ ಕತ್ತರಿಸುವಾಗ ನಾನು ಒಂದು ಸಲಾನೂ ತಾಗಿಸಿರಲಿಲ್ಲ."

ಈ ಮಾತು ಕೇಳಿದ ಮೇಲೆ ಎಡಚಿಗೆ ಇನ್ನು ತಡೆಯಲಾಗಲಿಲ್ಲ. ವರ್ಷಗಟ್ಟಲೆ ಕೈ ಎತ್ತಿದ್ದಳು, ತಿರುಗಿದ್ದಳು, ಗಂಡನ ತಮಾಷೆ ಕೇಳಿದ್ದಳು, ಸುಟ್ಟ ಬೆರಳು ಮುಚ್ಚಿಟ್ಟಿದ್ದಳು. ಎಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಳು. ಮುದುಕಿ ಕೇಳಿದ್ದು ಕಿವಿಯೊಂದನ್ನು. ಅದನ್ನೂ ಬೇಡಿ ಕೇಳಬೇಕೇ?

ಸಾಲು ಬಿಟ್ಟು ಬಂದಳು. ಅತ್ತೆಯ ತಲೆಯ ಮೇಲೆ ಎಡಗೈ ಇಟ್ಟಳು.

"ಕೈ ತೆಗಿ" ಎಂದ ಮೇಸ್ತ್ರಿ.

"ತೆಗೆಯಲ್ಲ. ಕತ್ತರಿಸೋದಾದ್ರೆ ಕೈ ಮೇಲೆಯೇ ಕತ್ತರಿಸಿ. ನನಗೇನೂ ಗೊತ್ತಾಗಲ್ಲ."

ಧಣಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಏನು ಇವಳದ್ದು?"

"ಬೀಜ ಎಲ್ಲಿಂದ ಬಂತು ಅಂತ ತೋರಿಸ್ತೀನಿ ಧಣಿ, ಬನ್ನಿ. ಏಳಿ ಅತ್ತೆ."

ಅತ್ತೆಯನ್ನು ಎಬ್ಬಿಸಿ ಕೈ ಹಿಡಿದುಕೊಂಡಳು. ಕಟ್ಟೆಯ ಮೇಲೆ ಹತ್ತಲಿಲ್ಲ. ಆ ಸಣ್ಣ ಬಾಗಿಲ ಕಡೆ ನೋಡಲೂ ಇಲ್ಲ. ನೇರ ದನದ ಬಾಗಿಲ ಕಡೆ ನಡೆದಳು. ಅಲ್ಲಿ ಅವಳ ಗಂಡ ಮಂದೆಯನ್ನು ಒಳಗೆ ಬಿಡುತ್ತಿದ್ದ. ತೊಲೆ ಅವನ ಭುಜದ ಮೇಲಿತ್ತು. ಹೆಂಡತಿಯನ್ನು ನೋಡಿದ, ಅಮ್ಮನ ಬಿಚ್ಚಿದ ತಲೆ ನೋಡಿದ, ಆಚೆ ಎದ್ದು ನಿಂತ ಧಣಿಯನ್ನು ನೋಡಿದ. ಅವನ ಮುಖದ ಬಣ್ಣ ಇಳಿಯಿತು. ಆದರೆ ತೊಲೆ ಇಳಿಸಲಿಲ್ಲ.

"ತೊಳೆಯದೆ ಒಳಗೆ ಹೋಗ್ತಿದಾರೆ, ತಡಿಯೋ" ಎಂದು ಯಾರೋ ಕೂಗಿದರು.

"ನನ್ನ ಕೈ ಖಾಲಿ ಇಲ್ಲ" ಎಂದ ಅವನು. ಆಮೇಲೆ ಹೆಂಡತಿಗೆ ಮಾತ್ರ ಕೇಳುವಷ್ಟು, "ಬೇಗ ಹೋಗೇ, ಭುಜ ನೋಯ್ತಿದೆ" ಎಂದ.

ಅವರು ದನದ ಜೊತೆ ಒಳಗೆ ಹೋದರು. ಮೈ ಓರೆ ಮಾಡಬೇಕಾಗಲಿಲ್ಲ. ಅವರ ಹಿಂದೆ ಅರ್ಧ ಬೋಳು ತಲೆಯ ಗುಬ್ಬಿ ಹೋದಳು. ಅವಳ ಹಿಂದೆ ಉಳಿದ ಎಂಟು ಜನ. ಯಾರ ಮೈಮೇಲೂ ಒಂದು ಹನಿ ಔಷಧಿ ಬಿದ್ದಿರಲಿಲ್ಲ. ನೆಲ ಬಾಯಿ ಬಿಡಲಿಲ್ಲ. ಹುಲ್ಲು ಒಣಗಲಿಲ್ಲ.

ಧಣಿ ಬಂದ. ಮೇಸ್ತ್ರಿಯೂ ಬಂದ, ಕೈಯಲ್ಲಿ ಕತ್ತರಿ ಇನ್ನೂ ಇತ್ತು. ಎಡಚಿ ತನ್ನ ಗೂಟದ ಹತ್ತಿರ ನಿಂತು ಬಲಗೈಯನ್ನು ತಲೆಯ ಮೇಲೆ, ಇಲ್ಲದ ಬುಟ್ಟಿಗೆ ಹಿಡಿದಳು. ಹತ್ತು ಹೆಜ್ಜೆ ನಡೆದಳು. ಎಡಗೈ ಬೀಸಿದಳು. ಕೈ ತೋರಿಸಿದ ಕಡೆ ಗಿಡ. ಮತ್ತೆ ಹತ್ತು ಹೆಜ್ಜೆ, ಮತ್ತೆ ಬೀಸಿದಳು, ಮತ್ತೆ ಗಿಡ. ಅಷ್ಟರಲ್ಲಿ ಗುಬ್ಬಿಯೂ ತನ್ನ ಸಾಲಿನಲ್ಲಿ ಹೊರಟಿದ್ದಳು. ಮಿಕ್ಕವರೂ ಹೊರಟರು. ಹತ್ತು ಹೆಂಗಸರು ಖಾಲಿ ತಲೆಗೆ ಕೈ ಹಿಡಿದು, ಖಾಲಿ ಹಿಡಿ ಬೀಸುತ್ತ ನಡೆದರು.

ಅತ್ತೆ ಮಾತ್ರ ತನ್ನ ಸಾಲಿನ ನಡುವೆ, ಆ ಚಾಪೆಯಗಲದ ಗಿಡದ ಮುಂದೆ ನಿಂತಿದ್ದಳು.

"ಇಲ್ಲಿ ಅವರು ಬಟ್ಟೆ ಕೊಡವಲಿಲ್ಲ" ಎಂದಳು ಎಡಚಿ. "ಇಲ್ಲಿ ಬಿದ್ರು. ಬುಟ್ಟಿ ಸಮೇತ ಬಿದ್ರು. ಭಾವ ನೋಡಿದಾರೆ, ಕೇಳಿ. ಬೀಜ ನಾವೇ ತಂದದ್ದು ಧಣಿ, ಇಲ್ಲ ಅನ್ನಲ್ಲ. ಬಟ್ಟೇಲಿ ಅಲ್ಲ, ಬುಟ್ಟೀಲಿ. ನೀವು ಹೊರಿಸಿದ್ರಿ, ನಾವು ಹೊತ್ವಿ."

ಧಣಿ ಗಿಡ ನೋಡಿದ. ಸಾಲು ನೋಡಿದ. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಎಲ್ಲರಿಗೂ ಕಾಣಿಸಿತು. ಅವನ ಪಕ್ಕದಲ್ಲೇ ಒಂದು ಹಸು ಬಾಲ ಎತ್ತಿ ಸಗಣಿ ಹಾಕಿತು.

ಅವನು ಮೇಸ್ತ್ರಿಯ ಕಡೆ ತಿರುಗಿದ. "ಗೊಬ್ಬರ ಹಾಕಿಸು ಅಂದೆ. ಬೀಜ ಹಾಕಿಸು ಅಂದ್ನೇನೋ?"

ಮೇಸ್ತ್ರಿ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಈ ಗಿಡಕ್ಕೆ ಇನ್ನು ನಾಲ್ಕು ದಿನಕ್ಕೆ ಕಾಯಿ ಕಟ್ಟುತ್ತೆ. ಇವತ್ತೇ ಕೀಳಬೇಕು. ಕಿತ್ತು ಮುಗಿದ ಮೇಲೆ ತಲೆ ಬೋಳಿಸು. ನನ್ನ ಮಾತು ಅಂದ್ರೆ ಮಾತು. ಬೋಳಿಸಿಕೊಳ್ಳದವರು ಮನೆ ಖಾಲಿ ಮಾಡಲಿ."

ಯಾರೂ ಬಗ್ಗಲಿಲ್ಲ. ಹತ್ತು ಜನ ಎಡಚಿಯನ್ನು ನೋಡುತ್ತಿದ್ದರು. ಅವಳಿಗೆ ಭಯ ಆಯಿತು. ಮನೆ ಹೋಗುತ್ತದೆ ಎಂದು ಗೊತ್ತಿತ್ತು. ಭಯವೂ ಜೋಮು ಹಿಡಿದ ಕೈಯ ಹಾಗೆ, ಇತ್ತು, ಆದರೆ ತನ್ನದಲ್ಲ ಎನ್ನುವ ಹಾಗಿತ್ತು.

"ನೀವೇ ಕೀಳಿ ಧಣಿ" ಎಂದಳು. "ಬೇರು ಸಮೇತ ಕೀಳಿ."

ಅತ್ತೆಯ ಕೈ ಹಿಡಿದುಕೊಂಡು ಬಂದ ದಾರಿಯಲ್ಲೇ ಹೊರಟಳು. ತೊಲೆ ಇನ್ನೂ ಗಂಡನ ಭುಜದ ಮೇಲೇ ಇತ್ತು. ಹನ್ನೊಂದು ಜನವೂ ಹೊರಗೆ ಬಂದ ಮೇಲೆ ಅವನು ಅದನ್ನು ನೆಲಕ್ಕೆ ಬಿಸಾಕಿದ. ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಪಂಪು ಒಂದೇ ಓಡುತ್ತಿತ್ತು.

ಆ ಸಂಜೆ ಸಾಲುಮನೆಗಳಲ್ಲಿ ಕೆಲವರು ಪಾತ್ರೆ ಪಡಗ ಗಂಟು ಕಟ್ಟುತ್ತಿದ್ದರು. ಕೆಲವರು, ಬಂದು ಎಬ್ಬಿಸಲಿ ನೋಡೋಣ ಎಂದು ಕೂತಿದ್ದರು. ಗುಬ್ಬಿ ಉಳಿದ ಅರ್ಧ ಕೂದಲನ್ನು ಒಂದು ಪಕ್ಕಕ್ಕೆ ಜಡೆ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು. ಮೇಸ್ತ್ರಿ ಒಂದು ಸಲ ಬಂದು ಅಂಗಳದಲ್ಲಿ ನಿಂತ. "ಅಮ್ಮ" ಎಂದ. ಅತ್ತೆ ಹೂಂ ಅಂದಳು. ಅಂಗಳದಲ್ಲಿ ಬಿದ್ದಿದ್ದ ಸೌದೆಯನ್ನು ಬಾಗಿಲ ಹತ್ತಿರ ತಂದಿಟ್ಟು ಹೋದ.

ಎಡಚಿ ಒಲೆ ಹಚ್ಚಿದಳು. ಬಾಚಣಿಗೆ ತೆಗೆದುಕೊಂಡು ಅತ್ತೆಯ ಹಿಂದೆ ಕೂತಳು. ನೆತ್ತಿಯಿಂದ ಎಳೆದಳು. ಅತ್ತೆ ಕಣ್ಣು ಮುಚ್ಚಿದಳು.

"ಹಾ. ಅಲ್ಲೇ."

ಮತ್ತೊಮ್ಮೆ ಎಳೆದಳು. ಬಾಚಣಿಗೆಯ ಹಲ್ಲಿಗೆ ಒಂದು ಬೀಜ ಸಿಕ್ಕಿಕೊಂಡು ಬಂತು. ಕೊಕ್ಕೆಯ ಬೀಜ. ಬೆಳಿಗ್ಗೆ ದನದ ಜೊತೆ ಒಳಗೆ ಹೋಗುವಾಗ ಯಾವುದೋ ಬಾಲದಿಂದ ಕಚ್ಚಿಕೊಂಡಿರಬೇಕು. ಎಡಚಿ ಅದನ್ನು ಬೆರಳಲ್ಲಿ ಹಿಡಿದಳು. ಹಿಡಿದದ್ದು ಬೆರಳಿಗೆ ತಿಳಿಯಲಿಲ್ಲ, ಕಣ್ಣಿಗೆ ಕಂಡಿತು. ಒಲೆ ನೋಡಿದಳು. ಆಮೇಲೆ ತೆರೆದ ಬಾಗಿಲಿಂದಾಚೆಗೆ, ಧಣಿಯ ನೆಲದ ಮೇಲೆ, ಎಡಗೈಯಲ್ಲಿ ಬೀಸಿ ಎಸೆದಳು.

ಅತ್ತೆ ಕಣ್ಣು ಮುಚ್ಚಿಕೊಂಡೇ ಒಲೆಯ ಸದ್ದಿಗೆ ಕಿವಿಗೊಟ್ಟಳು.

"ಬೀಜ ಸಿಕ್ತು ಅಲ್ವಾ? ಚಟ್ ಅನ್ನಲಿಲ್ಲ?"

"ಇಲ್ಲ ಅತ್ತೆ" ಎಂದಳು ಎಡಚಿ. "ಇವತ್ತು ಒಲೆಗೆ ಹಾಕಲಿಲ್ಲ."